ಒಕ್ಕೂಟ ಅಂದರೆ ಎಂಥ ಒಕ್ಕೂಟ? ಮಾಜಾಳಿಯಿಂದ ಶಿರಸಿಯವರೆಗೆ ದಿಲ್ಲಿ-ಬೆಂಗಳೂರು ಅಧಿಕಾರದ ಗೆರೆ

(ಇದು ಹಲವರ ಚರ್ಚೆ. ಪ್ರತಿ ಭಾಗದ ಮೇಲಿರುವುದು ಬರೆದವರ ಅಂಕಿತನಾಮ.)

ಸದಾಶಿವಗಡ

ಕಾರವಾರದ ಕಾಳಿ ಸೇತುವೆಯ ಮೇಲೆ ನಿಂತು ಸುತ್ತ ನೋಡಿ. ಕಾಲಡಿಯ ರಸ್ತೆ ರಾಷ್ಟ್ರೀಯ ಹೆದ್ದಾರಿ 66. ಕಾನೂನು ಮಾಡುವ ವಿಷಯಗಳನ್ನು ಸಂವಿಧಾನದ ಏಳನೇ ಅನುಸೂಚಿ ಒಕ್ಕೂಟ (ಕೇಂದ್ರ), ರಾಜ್ಯ, ಸಮವರ್ತಿ (ಇಬ್ಬರದ್ದೂ) ಎಂದು ಮೂರು ಪಟ್ಟಿಯಾಗಿ ಹಂಚುತ್ತದೆ; ಹೆದ್ದಾರಿ ಅದರಲ್ಲಿ ಒಕ್ಕೂಟ ಪಟ್ಟಿಯ 23ನೇ ನಮೂದು. ಕೆಳಗಿನ ನೀರು ರಾಜ್ಯ ಪಟ್ಟಿಯ 17. ಸಮುದ್ರದ ಕಡೆ ದೇವಗಡ ದ್ವೀಪದ ದೀಪಸ್ತಂಭ ಒಕ್ಕೂಟದ 26. ಕಾರವಾರ ಬಂದರು 'ಪ್ರಧಾನ ಬಂದರು' ಎಂದು ಘೋಷಣೆ ಆಗಿಲ್ಲ, ಹಾಗಾಗಿ ಸಮವರ್ತಿ ಪಟ್ಟಿಯ 31. ಅರಗಾದ ನೌಕಾನೆಲೆ ಒಕ್ಕೂಟದ 2. ಹೊಳೆಗುಂಟ ಮೇಲೆ ಹೋದರೆ ಕೈಗಾದ ರಿಯಾಕ್ಟರು ಒಕ್ಕೂಟದ 6, ಅದು ನೀರೆತ್ತುವ ಕದ್ರಾ ಜಲಾಶಯ ರಾಜ್ಯದ್ದು, ಅಲ್ಲಿಂದ ಹೊರಡುವ ಕರೆಂಟು ಸಮವರ್ತಿ ಪಟ್ಟಿಯ 38.

2024ರ ಆಗಸ್ಟ್ 7ರ ನಡುರಾತ್ರಿ ಇಲ್ಲಿಯ ಹಳೆಯ ಸೇತುವೆ ಕುಸಿಯಿತು. ಹೆದ್ದಾರಿಯ ಸೇತುವೆ ಒಕ್ಕೂಟದ ಹೊಣೆ. ಸ್ಥಳಕ್ಕೆ ಬರುವ ಪೊಲೀಸರು ರಾಜ್ಯದವರು. ಒಂದೇ ಘಟನೆಗೆ ಎರಡು ಸರ್ಕಾರ.

ಕೇಳಬೇಕಾದದ್ದು ಇಷ್ಟೇ. ಈ ಗೆರೆಗಳನ್ನು ಎಳೆದವರು ಯಾರು, ಯಾವ ಲೆಕ್ಕದಲ್ಲಿ? ರಾಜ್ಯಗಳು ಕೂಡಿ ಒಪ್ಪಂದ ಮಾಡಿಕೊಂಡು ದೇಶ ಕಟ್ಟಿದವು ಎನ್ನುವವರಿದ್ದಾರೆ. ಹಾಗಾದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಬಾಂಬೆಗೆ, ಬಾಂಬೆಯಿಂದ ಮೈಸೂರಿಗೆ ಹೋದಾಗ ಆ ಒಪ್ಪಂದ ಎಲ್ಲಿತ್ತು?

ಅಘನಾಶಿನಿ

ಒಪ್ಪಂದ ಇರಲೇ ಇಲ್ಲ. ಗೊಂದಲ ಹುಟ್ಟುವುದು ಕನ್ನಡದ ಶಬ್ದದಿಂದ. ಫೆಡರೇಷನ್ನಿಗೂ ಒಕ್ಕೂಟ ಎನ್ನುತ್ತೇವೆ, ಯೂನಿಯನ್ನಿಗೂ ಒಕ್ಕೂಟ ಎನ್ನುತ್ತೇವೆ. ಊರಿನ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಒಂದು ಸಂಘಕ್ಕೆ ಸರಿ ಬರದಿದ್ದರೆ ಲೆಕ್ಕ ಚುಕ್ತಾ ಮಾಡಿ ಹೊರಗೆ ಬರಬಹುದು. ಸಂವಿಧಾನದ 1ನೇ ವಿಧಿಯ ಒಕ್ಕೂಟ ಅಂಥದ್ದಲ್ಲ. ಅಲ್ಲಿರುವ ಮೂಲ ಶಬ್ದ ಯೂನಿಯನ್. 1948ರ ನವೆಂಬರ್ 4ರಂದು ಕರಡನ್ನು ಸಂವಿಧಾನ ಸಭೆಯ ಮುಂದಿಡುವಾಗ ಅಂಬೇಡ್ಕರ್ ಇದನ್ನು ಬಿಡಿಸಿ ಹೇಳಿದರು: ಘಟಕಗಳ ಒಪ್ಪಂದದಿಂದ ಹುಟ್ಟಿದ್ದಲ್ಲವಾದ್ದರಿಂದ ಯಾವ ಘಟಕಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ.

ಅಮೆರಿಕದ ದಾರಿ ಇದಕ್ಕೆ ತಿರುಗಾಮುರುಗಾ. ಅಲ್ಲಿ 13 ರಾಜ್ಯಗಳು ಮೊದಲೇ ಇದ್ದವು. 1781ರಲ್ಲಿ ಜಾರಿಗೆ ಬಂದ ಅವರ ಮೊದಲ ಒಡಂಬಡಿಕೆಯಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಯುದ್ಧದ ಸಾಲ ತೀರಿಸಲಾಗದೆ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಹೊಸದು ಬರೆದರು. 13ರಲ್ಲಿ 9 ರಾಜ್ಯ ಒಪ್ಪಿದರೆ ಜಾರಿ ಎಂದು ಅದರಲ್ಲೇ ಬರೆದಿತ್ತು. ರಾಜ್ಯಗಳು ತಮ್ಮ ಕೈಯಿಂದ ಎಷ್ಟು ಕೊಟ್ಟವೋ ಅಷ್ಟು ಮಾತ್ರ ಕೇಂದ್ರದ್ದು, ಉಳಿದದ್ದೆಲ್ಲ ತಮ್ಮದೇ.

ನಮ್ಮಲ್ಲಿ ಮೊದಲು ಇದ್ದದ್ದು ಬ್ರಿಟಿಷರ ಒಂದೇ ಗಟ್ಟಿ ಆಡಳಿತ. ಅದರಿಂದ ತುಂಡು ತುಂಡಾಗಿ ಅಧಿಕಾರ ಕೆಳಗಿಳಿಯಿತು. 1919ರ ಕಾಯ್ದೆ ವಿಷಯಗಳನ್ನು ಕೇಂದ್ರ, ಪ್ರಾಂತ್ಯ ಎಂದು ಬೇರೆ ಮಾಡಿತು. 1935ರ ಕಾಯ್ದೆ ಮೂರು ಪಟ್ಟಿ ಕೊಟ್ಟಿತು: ಫೆಡರಲ್ 59, ಪ್ರಾಂತೀಯ 54, ಸಮವರ್ತಿ 36. ಇವತ್ತಿನ ಏಳನೇ ಅನುಸೂಚಿಯ ಅಡಿಪಾಯ ಅದೇ. ಆದರೆ ಆ ಕಾಯ್ದೆಯ ಫೆಡರೇಷನ್ ಭಾಗ ಒಂದು ದಿನವೂ ನಡೆಯಲಿಲ್ಲ. ಸಂಸ್ಥಾನಗಳ ಮೇಲ್ಮನೆ ಸೀಟಿನಲ್ಲಿ ಅರ್ಧ, ಜನಸಂಖ್ಯೆಯಲ್ಲಿ ಅರ್ಧ ಆಗುವಷ್ಟು ರಾಜರು ಸಹಿ ಹಾಕಬೇಕಿತ್ತು, ಹಾಕಲಿಲ್ಲ. ಪ್ರಾಂತ್ಯಗಳ ಭಾಗ ಮಾತ್ರ 1937ರಲ್ಲಿ ಚಾಲನೆಗೆ ಬಂತು.

ಬೆಟ್ಟದಸೊಪ್ಪು

ನಡುವೆ ಒಂದು ಮುಖ್ಯ ತಿರುವು ಬಿಟ್ಟುಹೋಯಿತು. ಬ್ರಿಟಿಷ್ ಸರ್ಕಾರ ಕಳಿಸಿದ ಕ್ಯಾಬಿನೆಟ್ ಮಿಷನ್ನಿನ 1946ರ ಮೇ 16ರ ಯೋಜನೆಯಲ್ಲಿ ಕೇಂದ್ರಕ್ಕೆ ಇದ್ದದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ, ಅವಕ್ಕೆ ಬೇಕಾದ ಹಣ, ಇಷ್ಟೇ. ಉಳಿಕೆ ಅಧಿಕಾರ, ಅಂದರೆ ಯಾವ ಪಟ್ಟಿಯಲ್ಲೂ ಬಾರದ ವಿಷಯಗಳ ಅಧಿಕಾರ, ಪ್ರಾಂತ್ಯಗಳಿಗೆ. ಸಂವಿಧಾನ ಸಭೆ 1946ರ ಡಿಸೆಂಬರ್ 9ರಂದು ಕೂತದ್ದು ಈ ಚೌಕಟ್ಟಿನೊಳಗೆ. ಒಕ್ಕೂಟ ಅಧಿಕಾರಗಳ ಸಮಿತಿಯ ಮೊದಲ ವರದಿ 1947ರ ಏಪ್ರಿಲ್‌ನಲ್ಲಿ ಬಂತು. ಅದೂ ಸಣ್ಣ ಕೇಂದ್ರದ್ದೇ.

ಜೂನ್ 3ರಂದು ವಿಭಜನೆ ಘೋಷಣೆಯಾಯಿತು. ಜುಲೈ 5ರ ಎರಡನೇ ವರದಿ ಪೂರ್ತಿ ಬೇರೆ: ಗಟ್ಟಿ ಕೇಂದ್ರ, ಉಳಿಕೆ ಅಧಿಕಾರವೂ ಕೇಂದ್ರಕ್ಕೆ. ಸಣ್ಣ ಕೇಂದ್ರ ಇಟ್ಟದ್ದು ಮುಸ್ಲಿಂ ಲೀಗನ್ನು ಒಳಗೆ ಉಳಿಸಿಕೊಳ್ಳಲಿಕ್ಕೆ. ಆ ಕಾರಣವೇ ಹೋದ ಮೇಲೆ, ಎದುರಿಗೆ ಗಲಭೆ, ನಿರಾಶ್ರಿತರು, ಸೇರದ ಸಂಸ್ಥಾನಗಳು ಇರುವಾಗ, ಸಭೆ ಮತ್ತೊಂದು ದಿಕ್ಕು ಹಿಡಿಯಿತು. ಈಗಿನ 248ನೇ ವಿಧಿ, ಒಕ್ಕೂಟ ಪಟ್ಟಿಯ 97ನೇ ನಮೂದು, ಎರಡೂ ಆ ಬೇಸಿಗೆಯ ಫಲ. ನಮ್ಮ ಸಂವಿಧಾನದ ಒಕ್ಕೂಟ ಸ್ವರೂಪವನ್ನು ತಿಂಗಳ ಲೆಕ್ಕದಲ್ಲಿ ಓದಬೇಕು, ಬರೀ ತತ್ತ್ವದ ಲೆಕ್ಕದಲ್ಲಿ ಅಲ್ಲ.

ಕರಾವಳಿಯವರು ನೆನಪಿಡಬೇಕಾದ ಹೆಸರು ಬೆನಗಲ್ ನರಸಿಂಗ ರಾವ್. ಮಂಗಳೂರಿನಲ್ಲಿ ಹುಟ್ಟಿದವರು, ಸಭೆಯ ಸಂವಿಧಾನ ಸಲಹೆಗಾರರು. 1947ರ ಅಕ್ಟೋಬರಿನ ಮೊದಲ ಕರಡು ಅವರದ್ದು: 243 ವಿಧಿ, 13 ಅನುಸೂಚಿ. ಕರಡು ಸಮಿತಿ ಅದನ್ನು ತಿದ್ದಿ 1948ರ ಫೆಬ್ರುವರಿಯಲ್ಲಿ 315 ವಿಧಿ, 8 ಅನುಸೂಚಿ ಮಾಡಿತು. 1949ರ ನವೆಂಬರ್ 26ಕ್ಕೆ ಅಂಗೀಕಾರವಾದದ್ದು 395 ವಿಧಿ. ಮಂಡನೆಯಾದ 2,473 ತಿದ್ದುಪಡಿಗಳನ್ನು ಸಭೆ ಒಂದೊಂದಾಗಿ ಚರ್ಚಿಸಿ ವಿಲೇವಾರಿ ಮಾಡಿದೆ. ನಕಲು ಹೊಡೆದ ಸಂವಿಧಾನ ಎನ್ನುವವರು ಆ ಚರ್ಚೆಯ ಒಂದು ದಿನದ ನಡಾವಳಿಯನ್ನಾದರೂ ಕೂತು ಓದಬೇಕು.

ಶಿರಸಿ ಪೇಟೆ

ಜಿಲ್ಲೆಯ ಕೈಬದಲಿನ ಬಗ್ಗೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಾಂಬೆಗೆ ಸೇರಿಸಿದ್ದು ಬ್ರಿಟಿಷರ ಆಡಳಿತದ ಅನುಕೂಲಕ್ಕೆ; ಅಲ್ಲಿ ಯಾರನ್ನೂ ಕೇಳುವ ಪ್ರಶ್ನೆ ಇರಲಿಲ್ಲ. 1956ರದ್ದು ಬೇರೆ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯಗಳ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯ 7ನೇ ಕಲಂ ಬಾಂಬೆಯಿಂದ ಬಿಜಾಪುರ, ಧಾರವಾಡ, ಕೆನರಾ ಜಿಲ್ಲೆಗಳನ್ನು, ಚಂದಗಡ ತಾಲೂಕು ಬಿಟ್ಟು ಬೆಳಗಾವಿಯನ್ನು ಹೊಸ ಮೈಸೂರು ರಾಜ್ಯಕ್ಕೆ ಹಾಕಿತು. 1956ರ ನವೆಂಬರ್ 1ರಿಂದ ಜಾರಿ.

ಈ ಎಲ್ಲದರ ಹಿಂದಿನ ಅಧಿಕಾರ 3ನೇ ವಿಧಿ. ಸಂಸತ್ತು ರಾಜ್ಯದ ಗಡಿ, ವಿಸ್ತೀರ್ಣ, ಹೆಸರು ಬದಲಿಸಬಹುದು. ಸಾಮಾನ್ಯ ಬಹುಮತ ಸಾಕು. ಎರಡು ಷರತ್ತು. ಮಸೂದೆಗೆ ರಾಷ್ಟ್ರಪತಿಯ ಶಿಫಾರಸು ಬೇಕು, ಮತ್ತು ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು. ಕೇಳಬೇಕು ಅಷ್ಟೇ, ಒಪ್ಪಬೇಕೆಂದಿಲ್ಲ. ರಾಜ್ಯಗಳು ಅಭಿಪ್ರಾಯ ಕೊಡದೆ ಎಳೆದಾಡಬಾರದು ಎಂದು 1955ರ ಐದನೇ ತಿದ್ದುಪಡಿ ರಾಷ್ಟ್ರಪತಿಗೆ ಗಡುವು ಹಾಕುವ ಅಧಿಕಾರ ಕೊಟ್ಟಿತು. 2014ರಲ್ಲಿ ಆಂಧ್ರ ವಿಧಾನಸಭೆ ತಿರಸ್ಕರಿಸಿದ ಮೇಲೂ ತೆಲಂಗಾಣ ಆದದ್ದು ಹೀಗೆ. ಭಾರತದ ನೆಲವನ್ನು ಬೇರೆ ದೇಶಕ್ಕೆ ಕೊಡುವುದಾದರೆ ಮಾತ್ರ 3ನೇ ವಿಧಿ ಸಾಲದು, ಸಂವಿಧಾನ ತಿದ್ದುಪಡಿಯೇ ಬೇಕು. 1960ರ ಬೇರುಬಾರಿ ಅಭಿಪ್ರಾಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ.

ಹೊನ್ನೆಮರ

ಹಾಗಾದರೆ ಶಿರಸಿ ಪ್ರತ್ಯೇಕ ಜಿಲ್ಲೆ ಆಗಬೇಕಾದರೂ ದಿಲ್ಲಿಗೆ ಹೋಗಬೇಕೇ? ಸಂಸದರಿಗೇ ಮನವಿ ಕೊಡುತ್ತಿದ್ದಾರಲ್ಲ.

ಶಿರಸಿ ಪೇಟೆ

ಬೇಡ. ಜಿಲ್ಲೆ ಎನ್ನುವುದು ಸಂವಿಧಾನದ ಘಟಕವಲ್ಲ, ರಾಜ್ಯದ ಆಡಳಿತದ ಘಟಕ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 4ನೇ ಕಲಮಿನಡಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಆಯಿತು. ಈಗಿನ 12 ತಾಲೂಕುಗಳಲ್ಲಿ ದಾಂಡೇಲಿ ಸೇರಿದ್ದೂ ರಾಜ್ಯದ ತೀರ್ಮಾನದಿಂದಲೇ. ಜನಗಣತಿ ಹತ್ತಿರ ಬಂದಾಗ ಆಡಳಿತ ಗಡಿಗಳನ್ನು ಸ್ಥಗಿತ ಮಾಡುತ್ತಾರೆ, ಆ ಅವಧಿಯಲ್ಲಿ ಮಾತ್ರ ಕೆಲಸ ನಿಲ್ಲುತ್ತದೆ. ಜಿಲ್ಲೆ ಎರಡಾದರೂ ಲೋಕಸಭಾ ಕ್ಷೇತ್ರ ಎರಡಾಗುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ಈಗಲೇ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಇವೆ. ಕ್ಷೇತ್ರ ಮರುವಿಂಗಡಣೆಯ ದಾರಿಯೇ ಬೇರೆ.

ರಾಜ್ಯದ ಗಡಿಯಾದರೆ ಬೇರೆ ಮಾತು. ಕಾರವಾರ, ಸೂಪಾ, ಹಳಿಯಾಳದ ಮೇಲೆ ಮಹಾರಾಷ್ಟ್ರ ಹಕ್ಕು ಹೇಳಿದ್ದು ಗಡಿ ವಿವಾದದ ಮಹಾಜನ ಆಯೋಗದ ಮುಂದೆ ಬಂದಿತ್ತು. 2004ರಲ್ಲಿ ಆ ರಾಜ್ಯ 131ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಕರ್ನಾಟಕದ ವಾದದ ಬೆನ್ನೆಲುಬು ಮೇಲೆ ಹೇಳಿದ 3ನೇ ವಿಧಿಯೇ: ಗಡಿ ಸಂಸತ್ತಿನ ಕೆಲಸ, ನ್ಯಾಯಾಲಯದ್ದಲ್ಲ.

ಕಡಲಗೆರೆ

ಪಟ್ಟಿಗಳ ಗೆರೆ ನಿಜವಾಗಿ ಎಲ್ಲಿ ಬೀಳುತ್ತದೆ ಎಂಬುದಕ್ಕೆ ಸಮುದ್ರಕ್ಕಿಂತ ಒಳ್ಳೆಯ ಪಾಠ ಇಲ್ಲ. ರಾಜ್ಯ ಪಟ್ಟಿಯ 21: ಮೀನುಗಾರಿಕೆ. ಒಕ್ಕೂಟ ಪಟ್ಟಿಯ 57: ಪ್ರಾದೇಶಿಕ ಜಲದಾಚೆಯ ಮೀನುಗಾರಿಕೆ. ಪ್ರಾದೇಶಿಕ ಜಲ ಎಂದರೆ ಆಧಾರರೇಖೆಯಿಂದ 12 ನಾಟಿಕಲ್ ಮೈಲು, ಸುಮಾರು 22 ಕಿಲೋಮೀಟರು. ಅಲ್ಲಿಯವರೆಗೆ ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ 1986. ಅದರಾಚೆ 200 ನಾಟಿಕಲ್ ಮೈಲಿನವರೆಗೆ ಒಕ್ಕೂಟ.

ಮಳೆಗಾಲದ ನಿಷೇಧ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಇದು ಒಂದೇ ಆದೇಶ ಎಂದು ಕಾಣುತ್ತದೆ, ಆದರೆ ಕಾಗದದಲ್ಲಿ ಎರಡು: 12 ಮೈಲಿನೊಳಗೆ ರಾಜ್ಯದ ಆದೇಶ, ಆಚೆಗೆ ಕೇಂದ್ರದ ಆದೇಶ. ಒಂದು ಕಡೆ ದಿನಾಂಕ ತಪ್ಪಿದರೂ ಬೇಲಿಯಲ್ಲಿ ಸಂದು ಬಿದ್ದ ಹಾಗೆ. ಬೆಳಕು ಹಾಕಿ ಹಿಡಿಯುವ ಮೀನುಗಾರಿಕೆಯಲ್ಲೂ ಹೀಗೇ. 2017ರ ನವೆಂಬರ್ 10ರ ಕೇಂದ್ರದ ಆದೇಶ ಆಚೆಯ ನೀರಿಗೆ. ಒಳನೀರಿಗೆ ರಾಜ್ಯ ಬೇರೆ ಆದೇಶ ಮಾಡಬೇಕು. ದೋಣಿ ಹಿಡಿದ ಕೂಡಲೇ ಜಿಪಿಎಸ್ ಬಿಂದುವನ್ನು ಪಂಚನಾಮೆಯಲ್ಲಿ ಬರೆಯದಿದ್ದರೆ, 'ನಾವು ಗೆರೆಯಾಚೆ ಇದ್ದೆವು' ಎಂಬ ಒಂದೇ ಮಾತಿಗೆ ರಾಜ್ಯದ ಪ್ರಕರಣ ಸಡಿಲಾಗುತ್ತದೆ. ದೂರು ಕೊಡುವ ಮೀನುಗಾರ ಸಂಘಗಳು ಸಮಯದ ಜತೆ ಅಕ್ಷಾಂಶ-ರೇಖಾಂಶವನ್ನೂ ಬರೆದುಕೊಡಬೇಕು.

ಇನ್ನೊಂದು ಪದರ ಇದೆ. 297ನೇ ವಿಧಿ: ಪ್ರಾದೇಶಿಕ ಜಲದ ಅಡಿಯ ನೆಲ, ಖನಿಜ ಎಲ್ಲ ಒಕ್ಕೂಟಕ್ಕೆ ಸೇರಿದ್ದು. ತದಡಿಯಿಂದ ಐದು ಮೈಲು ಆಚೆ ಈಜುವ ಬಂಗಡೆ ಬೆಂಗಳೂರಿನ ಕಾಯ್ದೆಗೆ ಒಳಪಟ್ಟದ್ದು. ಅದರ ಕೆಳಗಿನ ಮರಳು ದಿಲ್ಲಿಯದು.

ಸದಾಶಿವಗಡ

ದಡದ ಮನೆ ರಿಪೇರಿಗೆ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಜೆಡ್ ಅಡ್ಡ ಬರುತ್ತದಲ್ಲ, ಅದು ಯಾವ ನಮೂದು? ಭೂಮಿ ರಾಜ್ಯದ 18.

ಕಡಲಗೆರೆ

ಪಟ್ಟಿಯನ್ನು ದಾಟಿಹೋಗುವ ಬಾಗಿಲೊಂದಿದೆ, 253ನೇ ವಿಧಿ. ಅಂತಾರಾಷ್ಟ್ರೀಯ ಒಪ್ಪಂದ ಅಥವಾ ಸಮ್ಮೇಳನದ ತೀರ್ಮಾನ ಜಾರಿಗೆ ತರಲು ಸಂಸತ್ತು ಯಾವ ವಿಷಯದ ಮೇಲೂ ಕಾನೂನು ಮಾಡಬಹುದು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ಹೆಸರಿನಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ 1986 ಬಂತು, ಅದರಡಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು: 1991, 2011, 2019. 2019ರದ್ದರಲ್ಲಿ ಗ್ರಾಮೀಣ ಪ್ರದೇಶವನ್ನು ಎರಡು ಮಾಡಿದ್ದಾರೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ ಉಬ್ಬರರೇಖೆಯಿಂದ 50 ಮೀಟರ್ ಅಭಿವೃದ್ಧಿ ನಿಷೇಧ. ಕಡಿಮೆ ಇದ್ದರೆ 200 ಮೀಟರ್. ನಿಮ್ಮ ಊರು ಯಾವ ವರ್ಗ ಎನ್ನುವುದು ಅನುಮೋದಿತ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಇರುತ್ತದೆ. ಪಂಚಾಯತಿಯ ಅನುಮತಿ ಒಂದನ್ನೇ ಹಿಡಿದು ಅಡಿಪಾಯ ತೋಡಿದವರಿಗೆ ನೋಟಿಸು ಬರುವುದು ಇದರಿಂದ.

ಹೊನ್ನೆಮರ

ನಮ್ಮ ಜಿಲ್ಲೆಯ ದೊಡ್ಡ ಗೋಳು ಕಾಡಿನದು. 1976ರಲ್ಲಿ ಅರಣ್ಯವನ್ನು ಕೇಂದ್ರ ಪಟ್ಟಿಗೆ ಹಾಕಿದ ಮೇಲೆ ರಾಜ್ಯದ ಕೈ ಕಟ್ಟಿಹೋಯಿತು. ಅತಿಕ್ರಮಣ ಸಕ್ರಮ ಮಾಡುತ್ತೇವೆ ಎಂದು ಪ್ರತಿ ಚುನಾವಣೆಯಲ್ಲಿ ಮಾತು ಕೊಡುತ್ತಾರೆ, ಆಗುವುದಿಲ್ಲ.

ಬೆಟ್ಟದಸೊಪ್ಪು

ಒಂದು ತಿದ್ದು. ಕೇಂದ್ರ ಪಟ್ಟಿಗೆ ಅಲ್ಲ, ಸಮವರ್ತಿ ಪಟ್ಟಿಗೆ. 42ನೇ ತಿದ್ದುಪಡಿ ರಾಜ್ಯ ಪಟ್ಟಿಯ 19ನ್ನು ತೆಗೆದು ಸಮವರ್ತಿಯಲ್ಲಿ 17ಎ ಎಂದು ಸೇರಿಸಿತು. 1977ರ ಜನವರಿ 3ರಿಂದ ಜಾರಿ. ಶಿಕ್ಷಣ, ವನ್ಯಪ್ರಾಣಿ, ತೂಕ-ಅಳತೆಯೂ ಆಗಲೇ ಹೋದವು. ಈ ವ್ಯತ್ಯಾಸ ಸಣ್ಣದಲ್ಲ. ಸಮವರ್ತಿಯಲ್ಲಿ ಇಬ್ಬರೂ ಕಾನೂನು ಮಾಡಬಹುದು; ತಾಗಿದರೆ 254ನೇ ವಿಧಿಯಂತೆ ಸಂಸತ್ತಿನದು ನಿಲ್ಲುತ್ತದೆ. ರಾಜ್ಯದ ಮಸೂದೆಗೆ ರಾಷ್ಟ್ರಪತಿಯ ಅಂಕಿತ ಸಿಕ್ಕರೆ ಆ ರಾಜ್ಯದ ಮಟ್ಟಿಗೆ ರಾಜ್ಯದ್ದು ನಿಲ್ಲುತ್ತದೆ. ಕಂಬಳ ಉಳಿದದ್ದು ಈ ದಾರಿಯಲ್ಲಿ: ಪ್ರಾಣಿಹಿಂಸೆ ತಡೆ ಸಮವರ್ತಿಯ 17, ಕರ್ನಾಟಕದ ತಿದ್ದುಪಡಿಗೆ ಅಂಕಿತ ಬಂತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕಾಡಿನಲ್ಲಿ ಕೈ ಕಟ್ಟಿದ್ದು ಪಟ್ಟಿಯ ಬದಲಾವಣೆ ಒಂದೇ ಅಲ್ಲ, ಅದರ ಮೇಲೆ ಬಂದ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ 2ನೇ ಕಲಂ. ಅರಣ್ಯ ಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಬಿಡಲು ಕೇಂದ್ರದ ಪೂರ್ವಾನುಮತಿ ಬೇಕು. ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1996ರ ಡಿಸೆಂಬರ್ 12ರ ಆದೇಶ ಇದನ್ನು ಇನ್ನೂ ಬಿಗಿ ಮಾಡಿತು: ದಾಖಲೆಯಲ್ಲಿ ಅರಣ್ಯ ಎಂದಿದ್ದದ್ದೆಲ್ಲ ಅರಣ್ಯ, ಒಡೆತನ ಯಾರದ್ದೇ ಇರಲಿ.

ಇಲ್ಲಿ ಜನ ಎರಡು ದಿನಾಂಕ ಕಲಸಿಕೊಂಡು ಅರ್ಜಿ ಹಾಳು ಮಾಡಿಕೊಳ್ಳುತ್ತಾರೆ. 1978ರ ಏಪ್ರಿಲ್ 27 ಎನ್ನುವುದು, ಆ ದಿನಕ್ಕಿಂತ ಮೊದಲಿನ ಅತಿಕ್ರಮಣದ ಸಕ್ರಮದ ದಾರಿ. ರಾಜ್ಯ ಶಿಫಾರಸು ಮಾಡಿ 1980ರ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ತರುವುದು. 2005ರ ಡಿಸೆಂಬರ್ 13 ಎನ್ನುವುದು 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿ. ಅಲ್ಲಿ ಹಕ್ಕನ್ನು 'ಕೊಡುವುದಿಲ್ಲ', ಇದ್ದ ಹಕ್ಕನ್ನು ಮಾನ್ಯ ಮಾಡುತ್ತಾರೆ. ಬುಡಕಟ್ಟಿನವರಿಗೆ ಆ ದಿನ ಸ್ವಾಧೀನ ಇದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷದ ವಾಸ ತೋರಿಸಬೇಕು. ಅಂದರೆ 1930ರ ಡಿಸೆಂಬರಿನಿಂದ. ಮಿತಿ 4 ಹೆಕ್ಟೇರ್.

ಅರ್ಜಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ. ಪುರಾವೆ ಕನಿಷ್ಠ ಎರಡು. ಅದರಲ್ಲಿ ಊರಿನ ಹಿರಿಯರ ಲಿಖಿತ ಹೇಳಿಕೆಯೂ ನಡೆಯುತ್ತದೆ, ಉಪಗ್ರಹ ಚಿತ್ರವೇ ಬೇಕೆಂದಿಲ್ಲ. ಅಲ್ಲಿಂದ ಉಪವಿಭಾಗಾಧಿಕಾರಿಯ ಸಮಿತಿ, ಅಲ್ಲಿಂದ ಜಿಲ್ಲಾಧಿಕಾರಿಯ ಸಮಿತಿ. ತಿರಸ್ಕಾರವಾದರೆ ಮೇಲಿನ ಸಮಿತಿಗೆ 60 ದಿನದೊಳಗೆ ಮೇಲ್ಮನವಿ. ಹೆಚ್ಚು ಅರ್ಜಿ ಬೀಳುವುದು 75 ವರ್ಷದ ಕಲಮಿನಲ್ಲಿ, ಯಾಕೆಂದರೆ ಪ್ರತಿ ಕುಟುಂಬವೂ ಅದೇ ತುಂಡು ನೆಲದ 1930ರ ಕಾಗದ ತರಬೇಕೆಂದು ತಿಳಿದುಕೊಳ್ಳುತ್ತಾರೆ. ಕಾಯ್ದೆ ಕೇಳುವುದು ಅರಣ್ಯದಲ್ಲಿನ ವಾಸ ಮತ್ತು ಅವಲಂಬನೆಯ ಅವಧಿ. ಸ್ವಾಧೀನಕ್ಕೆ 2005ರ ದಿನಾಂಕ. ಈ ಎರಡನ್ನು ಬೇರೆಬೇರೆ ಪುಟದಲ್ಲಿ ಬೇರೆಬೇರೆ ಪುರಾವೆ ಇಟ್ಟು ಬರೆಯಿರಿ.

ಸೊಸೈಟಿ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಒಕ್ಕೂಟ ತತ್ತ್ವ ಅರ್ಥವಾಗಬೇಕಾದದ್ದು ಸಹಕಾರಿ ಸಂಘದಿಂದ. ಸಹಕಾರ ಸಂಘ ರಾಜ್ಯ ಪಟ್ಟಿಯ 32. ಬಹುರಾಜ್ಯ ಸಹಕಾರಿ ಒಕ್ಕೂಟದ 44. 2012ರ ಫೆಬ್ರುವರಿ 15ರಿಂದ ಜಾರಿಯಾದ 97ನೇ ತಿದ್ದುಪಡಿ 9ಬಿ ಭಾಗ ಸೇರಿಸಿ, ನಿರ್ದೇಶಕರು 21ಕ್ಕಿಂತ ಹೆಚ್ಚು ಇರಬಾರದು, ಅವಧಿ 5 ವರ್ಷ ಎಂದೆಲ್ಲ ಸಂವಿಧಾನದಲ್ಲೇ ಬರೆಯಿತು.

ತಪ್ಪಾದದ್ದು ವಿಧಾನದಲ್ಲಿ. 368ನೇ ವಿಧಿಯ 2ನೇ ಖಂಡದ ಪರಂತುಕದಂತೆ (ಷರತ್ತಿನಂತೆ) ಪಟ್ಟಿಗಳಿಗೆ ಸಂಬಂಧಿಸಿದ ಬದಲಾವಣೆಗೆ ಸಂಸತ್ತಿನ ವಿಶೇಷ ಬಹುಮತ ಸಾಲದು, ಕನಿಷ್ಠ ಅರ್ಧದಷ್ಟು ವಿಧಾನಮಂಡಲಗಳ ಅನುಮೋದನೆ ಬೇಕು. ಅದನ್ನು ತಂದಿರಲಿಲ್ಲ. ಪಟ್ಟಿಯ ಅಕ್ಷರ ಮುಟ್ಟಿಲ್ಲ, ಹಾಗಾಗಿ ಬೇಡ ಎಂಬುದು ಕೇಂದ್ರದ ವಾದ. ಅಕ್ಷರ ಮುಟ್ಟದಿದ್ದರೂ ರಾಜ್ಯದ ಶಾಸನಾಧಿಕಾರವನ್ನು ಕಟ್ಟಿಹಾಕಿದರೆ ಪರಿಣಾಮ ಅದೇ ಎಂದು 2021ರ ಜುಲೈ 20ರಂದು ಸುಪ್ರೀಂ ಕೋರ್ಟ್ 2-1ರಲ್ಲಿ ರಾಜ್ಯ ಸಂಘಗಳ ಮಟ್ಟಿಗೆ ಆ ಭಾಗವನ್ನು ರದ್ದು ಮಾಡಿತು. ಬಹುರಾಜ್ಯ ಸಂಘಗಳಿಗೆ ಉಳಿಯಿತು. ಆದರೆ ಸಭೆಯಲ್ಲಿ ಎದ್ದು ನಿಂತು '97 ಬಿದ್ದಿದೆ, ಈ ನಿಯಮ ಇಲ್ಲ' ಎನ್ನುವ ಮೊದಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ತೆಗೆದು ನೋಡಿ. ರಾಜ್ಯ ತನ್ನ ಕಾಯ್ದೆಯಲ್ಲಿ ತಾನೇ ಸೇರಿಸಿಕೊಂಡ ನಿಯಮ ರಾಜ್ಯದ ಅಧಿಕಾರದಿಂದಲೇ ನಿಂತಿರುತ್ತದೆ.

ಇದೇ ಪರಂತುಕ ಪಾಲಿಸಿ ಬಂದದ್ದು ಜಿಎಸ್‌ಟಿಯ 101ನೇ ತಿದ್ದುಪಡಿ.

ಹೊನ್ನೆಮರ

ಅಡಕೆಯ ಜಿಎಸ್‌ಟಿ ಹೇಗೆ ಹಂಚಿಹೋಗುತ್ತದೆ, ಅದನ್ನೂ ಹೇಳಿಬಿಡಿ.

ಸೊಸೈಟಿ ಲೆಕ್ಕ

ಹಸಿ ಅಡಕೆಗೆ ತೆರಿಗೆ ಇಲ್ಲ, ಒಣ ಅಡಕೆಗೆ ಶೇ 5. ತಾನು ಬೆಳೆದದ್ದನ್ನು ಮಾರುವ ಕೃಷಿಕ ನೋಂದಣಿ ಮಾಡಬೇಕಾಗಿಲ್ಲ. ರಾಜ್ಯದೊಳಗಿನ ವ್ಯಾಪಾರಿ ಮಾರಾಟದಲ್ಲಿ ಎರಡೂವರೆ ಕೇಂದ್ರಕ್ಕೆ, ಎರಡೂವರೆ ಕರ್ನಾಟಕಕ್ಕೆ. ಶಿರಸಿಯಿಂದ ಮೂಟೆ ಗುಜರಾತಿಗೋ ಉತ್ತರ ಪ್ರದೇಶಕ್ಕೋ ಹೋದರೆ ಅಂತಾರಾಜ್ಯ ತೆರಿಗೆ. ರಾಜ್ಯದ ಪಾಲು ಕೊನೆಗೆ ಬಳಸುವ ರಾಜ್ಯಕ್ಕೆ ಸೇರುತ್ತದೆ, ಬೆಳೆದ ರಾಜ್ಯಕ್ಕಲ್ಲ. ಬೆಳೆಗಾರ ಪ್ರದೇಶಗಳು ಇದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು.

ದರ ಬದಲಿಸುವುದು 279ಎ ವಿಧಿಯ ಜಿಎಸ್‌ಟಿ ಮಂಡಳಿ. ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು, ತೀರ್ಮಾನಕ್ಕೆ ನಾಲ್ಕನೇ ಮೂರು. 31 ಸದಸ್ಯ ರಾಜ್ಯ-ಪ್ರದೇಶಗಳೂ ಹಾಜರಿದ್ದರೆ ಒಂದೊಂದಕ್ಕೆ ಸುಮಾರು ಶೇ 2.15 ತೂಕ. ಕೇಂದ್ರದ ಜತೆ 20 ರಾಜ್ಯ ಬೇಕು. 12 ರಾಜ್ಯ ಒಟ್ಟಾದರೆ ತಡೆಯಬಹುದು. ಕೇಂದ್ರ ಒಬ್ಬಂಟಿಯಾಗಿ ತಡೆಯಬಹುದು. ಮಂಡಳಿಯ ಶಿಫಾರಸು ಕಟ್ಟುಪಾಡಲ್ಲ, ಮನವೊಲಿಸುವ ತೂಕದ್ದು ಎಂದು 2022ರ ಮೇ 19ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಆಮದಿನ ಅಡಕೆ ಪೂರ್ತಿ ದಿಲ್ಲಿಯದು. ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಇಟ್ಟದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಆ ವಿಷಯಕ್ಕೆ ಬೆಂಗಳೂರಿಗೆ ನಿಯೋಗ ಹೋದರೆ ಸಿಗುವುದು ಒಂದು ಶಿಫಾರಸು ಪತ್ರ.

ತೆರಿಗೆ ಪಾಲಿನ ಲೆಕ್ಕವನ್ನೂ ಇಲ್ಲೇ ಇಡುತ್ತೇನೆ. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯ ಹಂಚುವ ನಿಧಿಯ ಶೇ 41 ರಾಜ್ಯಗಳಿಗೆ ಎಂದಿತು, ಅದರಲ್ಲಿ ಕರ್ನಾಟಕಕ್ಕೆ ಶೇ 3.647; ಹಿಂದಿನ ಆಯೋಗದಲ್ಲಿ 4.713 ಇತ್ತು. ಆ ಲೆಕ್ಕದಲ್ಲಿ ನಿಧಿಯ 100 ರೂಪಾಯಿಯಲ್ಲಿ ನಮಗೆ ಬಂದದ್ದು ಸುಮಾರು ಒಂದೂವರೆ ರೂಪಾಯಿ. ಸೆಸ್, ಸರ್ಚಾರ್ಜು ಈ ನಿಧಿಗೇ ಬರುವುದಿಲ್ಲ, 270 ಮತ್ತು 271ನೇ ವಿಧಿ ನೋಡಿ. ಆ ಆಯೋಗದ ಸೂತ್ರದಲ್ಲಿ ಆದಾಯದ ಅಂತರಕ್ಕೆ 45, ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯಾ ನಿಯಂತ್ರಣಕ್ಕೆ 12.5, ಅರಣ್ಯಕ್ಕೆ 10, ತೆರಿಗೆ ಶ್ರಮಕ್ಕೆ 2.5. ಅರಣ್ಯದ ಆ 10ರಲ್ಲಿ ಕರ್ನಾಟಕಕ್ಕೆ ಬಂದ ಹಣದ ಹಿಂದೆ ನಮ್ಮ ಜಿಲ್ಲೆಯ ಕಾಡಿದೆ. ಅದು ಕಾಡಿನ ನಡುವೆ ಇರುವ ಊರಿಗೆ ಇಳಿಯಬೇಕಾದರೆ ಒತ್ತಾಯ ಹಾಕಬೇಕಾದ್ದು ದಿಲ್ಲಿಗಲ್ಲ, 243ಐ ವಿಧಿಯ ರಾಜ್ಯ ಹಣಕಾಸು ಆಯೋಗಕ್ಕೆ.

ಅಘನಾಶಿನಿ

ಕೇಂದ್ರ-ರಾಜ್ಯ ಸಂಬಂಧದ ಇತಿಹಾಸದಲ್ಲಿ ಈ ಜಿಲ್ಲೆಗೆ ತನ್ನದೇ ಜಾಗ ಇದೆ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದ ಕೆಲವೇ ವಾರಗಳಲ್ಲಿ, 1983ರ ಮಾರ್ಚ್‌ನಲ್ಲಿ, ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದರು. ಅದೇ ತಿಂಗಳು ಕೇಂದ್ರವು ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸುವ ಸರ್ಕಾರಿಯಾ ಆಯೋಗವನ್ನು ಘೋಷಿಸಿತು. ಅದು 247 ಶಿಫಾರಸು ಮಾಡಿತು. 263ನೇ ವಿಧಿಯ ಅಂತರರಾಜ್ಯ ಮಂಡಳಿ 1990ರಲ್ಲಿ ಆದದ್ದು ಅದರಿಂದಲೇ.

ಹೆಗಡೆಯವರ ನಂತರ ಬಂದ ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲ್ 21ರಂದು 356ನೇ ವಿಧಿಯಡಿ (ರಾಷ್ಟ್ರಪತಿ ಆಳ್ವಿಕೆ) ವಜಾ ಮಾಡಿದರು. ಬಹುಮತ ತೋರಿಸುತ್ತೇನೆಂದು ಅವರು ಕೇಳಿಕೊಂಡರೂ ಸದನದಲ್ಲಿ ಅವಕಾಶ ಸಿಗಲಿಲ್ಲ. ಸುಪ್ರೀಂ ಕೋರ್ಟಿನ 1994ರ ಮಾರ್ಚ್ 11ರ ಒಂಬತ್ತು ನ್ಯಾಯಾಧೀಶರ ತೀರ್ಪು ಮೂರು ಬೀಗ ಹಾಕಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸಬಾರದು. ಘೋಷಣೆಯ ಆಧಾರವನ್ನು ನ್ಯಾಯಾಲಯ ನೋಡಬಹುದು, ತಪ್ಪಿದ್ದರೆ ವಜಾ ಆದ ಸರ್ಕಾರವನ್ನು ಮತ್ತೆ ಕೂರಿಸಲೂಬಹುದು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸು ಬರಲಿಲ್ಲ, ಅಷ್ಟರಲ್ಲಿ ಚುನಾವಣೆಯೇ ಮುಗಿದಿತ್ತು. ಆದರೆ ಮಾತೆತ್ತಿದರೆ ಸರ್ಕಾರ ಕಿತ್ತೆಸೆಯುವ ಚಾಳಿಗೆ ಕಡಿವಾಣ ಬಿದ್ದದ್ದು ಆ ತೀರ್ಪಿನಿಂದ. ಸಂಸತ್ತು ಮುರಿಯಲಾಗದ ಮೂಲ ರಚನೆಯಲ್ಲಿ ಒಕ್ಕೂಟ ತತ್ತ್ವವೂ ಸೇರಿದೆ ಎಂದದ್ದೂ ಅಲ್ಲೇ.

ಸದಾಶಿವಗಡ

ಗೋವಾ ಗಡಿಯ ಮಾಜಾಳಿ ತಪಾಸಣಾ ಠಾಣೆಯ ಬಗ್ಗೆ ಯಾರೂ ಹೇಳಲಿಲ್ಲ. ಗೋವಾದಿಂದ ಮೀನು ಬರಬಹುದು, ಗೇರುಬೀಜ ಬರಬಹುದು, ಸೀಸೆ ಬಂದರೆ ಮೊಕದ್ದಮೆ. ದೇಶ ಒಂದೇ ಅಲ್ಲವೇ, 301ನೇ ವಿಧಿಯ ಮುಕ್ತ ವ್ಯಾಪಾರ ಎಲ್ಲಿ ಹೋಯಿತು?

ಕಡಲಗೆರೆ

ಮದ್ಯ ರಾಜ್ಯ ಪಟ್ಟಿಯ 8, ಅದರ ಮೇಲಿನ ಅಬಕಾರಿ ಸುಂಕ 51. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ನ್ಯಾಯಾಲಯಗಳು ಹಿಂದಿನಿಂದಲೂ ಹೇಳಿರುವುದರಿಂದ 301ರ ಆಸರೆ ಅದಕ್ಕೆ ಸಿಗುವುದಿಲ್ಲ. ಜಿಎಸ್‌ಟಿಯ ವ್ಯಾಖ್ಯೆಯಲ್ಲೇ, 366ನೇ ವಿಧಿಯ 12ಎ ಖಂಡದಲ್ಲಿ, ಕುಡಿಯುವ ಮದ್ಯವನ್ನು ಹೊರಗಿಟ್ಟಿದ್ದಾರೆ. ಗೋವಾದ ಸುಂಕ ಕಟ್ಟಿದ ಸೀಸೆ ಕರ್ನಾಟಕದ ಅಬಕಾರಿ ಕಾಯ್ದೆ 1965ರ ಕಣ್ಣಲ್ಲಿ ಸುಂಕ ಕಟ್ಟದ ಸೀಸೆ. ಗಡಿಯಾಚೆ ಗೋವಾದ ಪೋಳೆಮ್‌ನ ಬಿಲ್ಲು ಮಾಜಾಳಿಯಲ್ಲಿ ನಡೆಯುವುದಿಲ್ಲ.

ಹೊನ್ನೆಮರ

ಕೊನೆಯದೊಂದು. ಜೋಯಿಡಾದ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ವನ್ಯಜೀವಿ ಕಾಯ್ದೆ 1972ರದ್ದು, ಆಗ ವಿಷಯ ಇನ್ನೂ ರಾಜ್ಯ ಪಟ್ಟಿಯಲ್ಲಿತ್ತು. ಸಂಸತ್ತು ಅದನ್ನು ಹೇಗೆ ಮಾಡಿತು?

ಬೆಟ್ಟದಸೊಪ್ಪು

252ನೇ ವಿಧಿಯಿಂದ. ಎರಡು ಅಥವಾ ಹೆಚ್ಚು ರಾಜ್ಯಗಳ ವಿಧಾನಮಂಡಲಗಳು ಠರಾವು ಮಾಡಿ ಕೇಳಿಕೊಂಡರೆ ಸಂಸತ್ತು ರಾಜ್ಯ ವಿಷಯದ ಮೇಲೂ ಕಾನೂನು ಮಾಡಬಹುದು. ಆಗ 11 ರಾಜ್ಯ ಕೇಳಿದ್ದವು. 1974ರ ಜಲಮಾಲಿನ್ಯ ಕಾಯ್ದೆಯೂ ಹೀಗೇ. ಒಮ್ಮೆ ಕೊಟ್ಟ ಮೇಲೆ ಆ ರಾಜ್ಯಗಳಿಗೆ ಅದನ್ನು ತಿದ್ದುವ, ರದ್ದು ಮಾಡುವ ಅಧಿಕಾರ ಇಲ್ಲ, ಸಂಸತ್ತೇ ಮಾಡಬೇಕು. ಯಾವ ಕಾಯ್ದೆ ಸಿಕ್ಕಿದರೂ ಮೊದಲು ಪೀಠಿಕೆ ಓದಿ. 252 ಎಂದಿದ್ದರೆ ಶಾಸಕರ ಹತ್ತಿರ ತಿದ್ದುಪಡಿ ಕೇಳಿ ಉಪಯೋಗವಿಲ್ಲ.

ಆದರೆ ಜೋಯಿಡಾದ ಹಳ್ಳಿಗಳಿಗೆ ಬೇಕಾದದ್ದು ಅದೇ ಕಾಯ್ದೆಯ ಒಳಗಿದೆ. 38ವಿ ಕಲಮಿನಂತೆ ಹುಲಿ ಪ್ರದೇಶದ ಹೃದಯಭಾಗದಿಂದ ಊರು ಎಬ್ಬಿಸುವ ಮೊದಲು ಅರಣ್ಯ ಹಕ್ಕುಗಳ ಮಾನ್ಯತೆ ಪೂರ್ತಿ ಮುಗಿದಿರಬೇಕು, ಸ್ಥಳಾಂತರ ಸ್ವಇಚ್ಛೆಯದಾಗಿರಬೇಕು, ಗ್ರಾಮಸಭೆಯ ಮತ್ತು ಸಂಬಂಧಪಟ್ಟವರ ಒಪ್ಪಿಗೆ ಇರಬೇಕು. ಆ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಕೋರಂ ಎಷ್ಟು, ಹೆಂಗಸರು ಎಷ್ಟು ಮಂದಿ ಎಂದು ಬರೆದು ಸಹಿ ಹಾಕಿಸಿ, ದೃಢೀಕೃತ ಪ್ರತಿ ಆ ದಿನವೇ ಕೈಯಲ್ಲಿ ಇಟ್ಟುಕೊಳ್ಳಿ.